ಹಿತ್ತಲ ನೆರಳಿಗೆ ಉರುಯಿ ಸೊಪ್ಪು

ಪ್ರತಿ ವರ್ಷ ಹಿಮ ಕರಗಿದ ಕೂಡಲೇ ಇದೇ ಮಾತು. ಹೇಳಿ ಹೇಳಿ ನನಗೇ ಸಾಕಾಗಿದೆ. ಗುಡ್ಡದ ವಿಷಸೊಪ್ಪಿನ ಎಚ್ಚರಿಕೆ ಅಂಟಿಸಿದ ಹಲಗೆ ಮನೆಯಿಂದ ಮನೆಗೆ ಹೋಗುತ್ತದೆ. ಎಲ್ಲರೂ ಓದದೆಯೇ, ಓದಿದೆವೆಂದು ಮೊಹರು ಒತ್ತಿ ಪಕ್ಕದ ಮನೆಗೆ ದಾಟಿಸುತ್ತಾರೆ.

ಆ ದಿನ ಹಲಗೆ ಹಿಡಿದು ಪಕ್ಕದ ತೊಮೆ ಅಜ್ಜಿಯ ಮನೆಗೆ ಹೋದೆ. ಅಜ್ಜಿ ಆಗಷ್ಟೇ ಗುಡ್ಡದಿಂದ ಇಳಿದು ಮಂಡಿ ನೀವಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಬುಟ್ಟಿ ತುಂಬ ಉರುಯಿ ಚಿಗುರು, ನಮ್ಮೂರಲ್ಲಿ ಎಲ್ಲರೂ ತಿನ್ನುವ ಕಾಡುಸೊಪ್ಪು.

"ಅಜ್ಜಿ, ಇದ್ರಲ್ಲಿ ಬೈಕೇಸೊ ಸೇರಿಲ್ಲ ತಾನೇ? ವಿಷದ ಸೊಪ್ಪು ಅದು."

"ನೋಡೇ ಸುಮಿಯೆ, ನೀನು ಹುಟ್ಟೋಕ್ ಮುಂಚಿಂದ ನಾನು ಗುಡ್ಡ ಹತ್ತಾ ಇದೀನಿ. ಅಜ್ಜಿಗೇ ಕೆಮ್ಮೋದು ಕಲ್ಸಕ್ಕೆ ಬಂದ್ಲು!"

ವಾದ ಮಾಡಲು ನನಗೆ ಶಕ್ತಿ ಇರಲಿಲ್ಲ. ಬುಟ್ಟಿ ಸುರಿದು ಒಂದೊಂದೇ ಎಲೆ ಬಿಡಿಸಿದೆ. ಉರುಯಿಗೆ ಉದ್ದ ತೊಟ್ಟು. ನಡುವಿನ ದಪ್ಪ ನರದಿಂದ ಉಳಿದವು ಕವಲೊಡೆಯುತ್ತವೆ. ಬೈಕೇಸೊಗೆ ತೊಟ್ಟೇ ಇಲ್ಲ. ನರಗಳೆಲ್ಲ ಬುಡದಿಂದಲೇ ಸಾಲಾಗಿ ಏರುತ್ತವೆ, ಎಲೆ ನೆರಿಗೆ ಹಿಡಿದಂತಿರುತ್ತದೆ. ಎರಡೂ ಒಂದೇ ಒದ್ದೆ ನೆಲದಲ್ಲಿ ಒಟ್ಟಿಗೆ ಚಿಗುರುತ್ತವೆ.

ತೊಟ್ಟಿಲ್ಲದವು ಮೂರು ಸಿಕ್ಕವು. ಅಜ್ಜಿಯ ಮುಖ ಬಿಳುಚಿಕೊಂಡಿತು.

"ಅಯ್ಯೋ, ವರ್ಷದ ಮೊದಲ್ನೇ ಸೊಪ್ಪು ಅಂತ ಎದುರು ಮನೆ ಮಿನೋರಿಗೂ ಒಂದು ಕಟ್ಟು ಕೊಟ್ಬಂದೆ ಕಣೇ! ಬಸುರಿ ಹೆಂಗ್ಸು!"

ಅಜ್ಜಿ ಬರಿಗಾಲಲ್ಲೇ ಓಡಿದರು, ಹಿಂದೆ ನಾನು. ಮಿನೋರಿ ಸೊಪ್ಪು ಬೇಯಿಸಿ, ಅದಕ್ಕೆ ಹುದುಗಿಸಿದ ಸೋಯಾದ ಮಿಸೊ ಕಲಸುತ್ತಿದ್ದಳು, ಇನ್ನೂ ಬಾಯಿಗಿಟ್ಟಿರಲಿಲ್ಲ. ವಿಷದ ಸೊಪ್ಪು ಸೇರಿರಬಹುದು ಎಂದು ಅಜ್ಜಿ ಕೂಗಿದರು.

"ಬೆಂದಿದೆಯಲ್ಲ ಅಜ್ಜಿ, ವಿಷ ಹೋಗಿರುತ್ತೆ ಬಿಡಿ."

"ಬೇಯಿಸಿದ್ರೂ ಹೋಗಲ್ಲಮ್ಮ," ಎಂದೆ. "ವಾಂತಿ ಶುರುವಾಗುತ್ತೆ, ಕೈಕಾಲು ಜೋಮು ಹಿಡಿಯುತ್ತೆ. ಜೀವಕ್ಕೇ ಕುತ್ತು."

ಅಜ್ಜಿ ತಾವೇ ಪಾತ್ರೆ ಎತ್ತಿ ಚೆಲ್ಲಿದರು. ಅವರನ್ನು ನೋಡಿ ನನಗೆ ಅಳು ಬಂತು.

"ಗುಡ್ಡ ಹತ್ತೋದು ಬಿಟ್ರೆ ಊರಿಗೆ ಏನ್ ಹಂಚ್ಲೇ? ನಮ್ಮ ಹಿತ್ಲಿಗೆ ಬಿಸ್ಲೇ ಬೀಳಲ್ಲ, ಪಾಚಿ ಒಂದೇ ಬೆಳೆಯೋದು."

"ಉರುಯಿಗೆ ಆ ನೆರಳೇ ಇಷ್ಟ ಅಜ್ಜಿ. ನಮ್ಮ ಹಿತ್ಲಲ್ಲೂ ಉರುಯಿ ಇದೆ, ಹೂ ಬಿಟ್ಟಾಗ ನೋಡಿ ಖಾತ್ರಿ ಮಾಡ್ಕೊಂಡಿದೀನಿ. ಬುಡ ಸೀಳಿ ಕೊಡ್ತೀನಿ, ಎಲೆಗೊಬ್ಬರ ಹಾಕಿ ನೆಡಿ. ಹಿಮದಡಿ ಇದ್ರೂ ಸಾಯಲ್ಲ. ಎರಡು ವರ್ಷ ಕೀಳ್ಬೇಡಿ, ಬೇರು ಬಲೀಲಿ. ಆಮೇಲೆ ವರ್ಷಾ ವರ್ಷ ತಾನಾಗೇ ಬರುತ್ತೆ."

"ಅಲ್ಲೀವರ್ಗೂ ನಾನಿರ್ಬೇಕಲ್ಲ?"

"ನೀವಿಲ್ದಿದ್ರೆ ಮಿನೋರಿ ಮಗು ತಿನ್ನುತ್ತೆ."

ಅಜ್ಜಿ ನಗಲಿಲ್ಲ. ಆದರೆ ಗುದ್ದಲಿ ಎತ್ತಿಕೊಂಡು ನಮ್ಮ ಹಿತ್ತಲಿಗೆ ಬಂದರು.

ಓದುವ ನೀವೂ ಕೇಳಿ. ಖಚಿತವಾಗಿ ಗುರುತು ಸಿಗದ ಸೊಪ್ಪನ್ನು ಕೀಳಬೇಡಿ, ತಿನ್ನಬೇಡಿ. ತಿಂದು ವಾಂತಿಯಾದರೆ ಉಳಿದ ಸೊಪ್ಪನ್ನೂ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಿ. ಹಿತ್ತಲಲ್ಲಿ ನೆರಳಿದ್ದರೆ ಒಂದು ಬುಡ ನೆಡಿ. ಕೇಳಿದರೆ ನಾನೇ ಕೊಡುತ್ತೇನೆ. ಯಾರಿಗಾದರೂ ಹಂಚುವ ಮುನ್ನ ನೀವೇ ಒಂದೊಂದು ಎಲೆ ನೋಡಿ. ನೀವು ಕೊಟ್ಟಿರಿ ಎಂಬ ಒಂದೇ ಕಾರಣಕ್ಕೆ ಪಕ್ಕದ ಮನೆಯವರು ಸೊಪ್ಪನ್ನು ಬಿಡಿಸಿ ನೋಡದೆ ಒಲೆಗಿಡುತ್ತಾರೆ.