ಅರೆಹೊಟ್ಟೆ ಅಜ್ಜಿಯ ಮೀನುಗಳು

"ಸ್ವಲ್ಪ ತಡೀರಿ, ಈಗಲೇ ಎತ್ತಬೇಡಿ," ಎನ್ನುತ್ತ ಸೊಸೆ ಹೊರುವವರ ನಡುವೆ ನುಸುಳಿ ಹಿತ್ತಿಲ ಗದ್ದೆಗೆ ಓಡಿದಳು. ನಿನ್ನೆ ತೀರಿಕೊಂಡ ಅಜ್ಜಿ ನಡುಮನೆಯಲ್ಲೇ ಉಳಿದಳು.

ಗದ್ದೆಯ ತುಂಬ ನೀರು, ನೀರಿನ ತುಂಬ ಭತ್ತದ ಪೈರು. ಸಾಲುಗಳ ನಡುವೆ ಅಜ್ಜಿ ಸಾಕಿದ ಮೀನುಗಳೆಲ್ಲ ಮೇಲೆ ಬಂದು ಬಾಯಿ ಕಳೆಯುತ್ತಿದ್ದವು. ಬದುವಿನ ಮೇಲೆ ನಿಂತ ನೆಂಟರು ಮೂಗು ಒರೆಸಿಕೊಳ್ಳುತ್ತಿದ್ದರು.

"ಮೂಕಪ್ರಾಣಿಗೂ ಗೊತ್ತಾಗಿದೆ ನೋಡಮ್ಮ, ಸಾಕಿದವಳು ಹೋದಳು ಅಂತ," ಎಂದ ಪಕ್ಕದ ಮನೆಯ ದರ್ಜಿ.

"ದುಃಖ ಅಲ್ಲ ಮಾವ, ಉಸಿರು ಕಟ್ಟಿದೆ. ನೀರು ಕೆಟ್ಟಿದೆ. ತೌಡು ಹಾಕಿದ್ದು ಯಾರು?"

ದರ್ಜಿ ತನ್ನ ಕೈ ನೋಡಿಕೊಂಡ. "ಒಂದು ಬೊಗಸೆ ಹಾಕಿದೆ. ಪಾಪ, ನಿನ್ನೆಯಿಂದ ಉಪವಾಸ ಅಂತ."

"ನಾನು ಅರ್ಧ ಚೀಲ," ಎಂದು ಗಿರಣಿಯವನು ಕೆಮ್ಮಿದ.

"ನಾನು ಅನ್ನ," ಎಂದ ಸೊಸೆಯ ಗಂಡ, ಅಪರಾಧಿಯಂತೆ.

ದೂರದಿಂದ ಬಂದಿದ್ದ ಅಜ್ಜಿಯ ದೊಡ್ಡ ಮಗಳು ತಮ್ಮನತ್ತ ತಿರುಗಿದಳು. "ಇದೆಲ್ಲ ನಿಮ್ಮ ಕೈಲಿ ಆಗೋದಲ್ಲ. ಅಮ್ಮನ್ನ ಕಳಿಸಿ ಬಂದು ಎಲ್ಲ ಹಿಡಿದು ಮಾರಿಬಿಡಿ."

ಸೊಸೆ ಮೀನುಗಳತ್ತ ನೋಡಿದಳು. ಅತ್ತೆಯ ಹಿಂದೆಯೇ ಮೀನೂ ಹೋದರೆ ಸಂಜೆ ಹೊತ್ತು ತಾನು ಎಲ್ಲಿ ಹೋಗಿ ಕೂರಬೇಕು?

*

ಮೀನಿಗೆ ಎಂದೂ ಹೊಟ್ಟೆ ತುಂಬ ಹಾಕದ ಕಾರಣ ಊರವರು ಆಕೆಗೆ ಅರೆಹೊಟ್ಟೆ ಅಜ್ಜಿ ಎಂದು ಹೆಸರಿಟ್ಟಿದ್ದರು. ಮನುಷ್ಯರ ವಿಷಯ ಬೇರೆ. ಸಾಕು ಸಾಕು ಎಂದರೂ ಬಡಿಸಿ, ಬಂದವರು ಗೋಡೆ ಹಿಡಿದು ಏಳುವಂತೆ ಮಾಡುತ್ತಿದ್ದಳು.

ಮದುವೆಯಾದ ಹೊಸತರಲ್ಲಿ ಸೊಸೆ ಕನಿಕರಪಟ್ಟು ಬೋಗುಣಿ ತುಂಬ ತೌಡು ಸುರಿಯಹೊರಟಳು. ಅಜ್ಜಿ ಕೈ ಹಿಡಿದಳು.

"ಹೊಟ್ಟೆ ತುಂಬಿಸಿದ್ರೆ ಇವು ಮನೆ ಅಳಿಯನ ಹಾಗೆ ಕೂತುಬಿಡ್ತವೆ ಕಣೆ. ಹಸಿವಿದ್ರೆ ಕಳೆ ಮೇಯ್ತವೆ, ದಂಟಿಗೆ ಹತ್ತಿದ ಹುಳ ಕಿತ್ತು ತಿಂತವೆ, ಕೆಸರು ಕೆದಕ್ತವೆ. ಸಂಜೆ ಒಂದು ಹಿಡಿ ಹಾಕು, ಸಾಕು. ಹೆಚ್ಚಾದದ್ದು ಕೊಳೆತು ನೀರು ಕೆಡುತ್ತೆ."

"ಹಾಗಾದ್ರೆ ನನಗ್ಯಾಕೆ ಅತ್ತೆ ಇಷ್ಟೊಂದು ಬಡಿಸ್ತೀರಿ?"

"ನೀನು ಹುಳ ತಿಂತೀಯೇನೆ?"

ಇಬ್ಬರೂ ಬದುವಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದಿನಿಂದ ಸಂಜೆ ಮೀನಿಗೆ ಆ ಒಂದು ಹಿಡಿ ಹಾಕುವ ಕೆಲಸ ಸೊಸೆಯ ಪಾಲಿಗೆ ಬಂತು.

*

"ಮಾರೋ ಮಾತು ಆಮೇಲೆ ಅಕ್ಕ, ಮೊದಲು ಇವು ಬದುಕ್ಲಿ," ಎಂದ ಸೊಸೆ ತಾನೇ ನೀರಿಗಿಳಿದಳು. "ಮೇಲಿನ ತೂಬು ತೆಗೀರಿ. ಕೆಳಗಿನದಕ್ಕೆ ಬಲೆ ಕಟ್ಟಿ ಕೆಟ್ಟ ನೀರು ಬಿಡಿ. ಉಳಿದವರು ತೇಲ್ತಿರೋದನ್ನ ಬಾಚಿ."

ಸಾವಿನ ಮನೆಗೆಂದು ಇಸ್ತ್ರಿ ಮಾಡಿಸಿಕೊಂಡು ಬಂದ ಬಟ್ಟೆಗಳನ್ನು ಮಂಡಿಗೆ ಎತ್ತಿ ಕಟ್ಟಿ ನೆಂಟರೆಲ್ಲ ಕೆಸರಿಗಿಳಿದರು. ದರ್ಜಿ ಜಾರಿ ಕೂತೇಬಿಟ್ಟ. ಗಿರಣಿಯವನು ತಾನೇ ಸುರಿದ ತೌಡನ್ನು ತನ್ನ ಟೋಪಿಯಲ್ಲೇ ಬಾಚುತ್ತ, "ಅಜ್ಜಿ ಇದ್ದಿದ್ರೆ ಈ ಚಂದ ನೋಡಿ ಊರೆಲ್ಲ ಹೇಳ್ಕೊಂಡು ಬರೋಳು," ಎಂದ. ಯಾರೋ ಕಿಸಕ್ಕೆಂದರು. ಆಮೇಲೆ ನಗು ತಡೆಯುವುದು ಯಾರಿಂದಲೂ ಆಗಲಿಲ್ಲ.

ಹೊಸ ನೀರು ಗುಳುಗುಳು ಒಳಗೆ ಬಂತು. ಬಹಳ ಹೊತ್ತು ಏನೂ ಆಗಲಿಲ್ಲ. ಸೊಸೆ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಲೇ ನಿಂತಳು. ಒಂದು ಮೀನು ಮುಳುಗಿತು, ಇನ್ನೊಂದು ಮುಳುಗಿತು, ಕೊನೆಗೆ ಮೇಲೆ ಒಂದು ಬಾಯಿಯೂ ಕಾಣಲಿಲ್ಲ.

ಹೊರುವವರು ಕೆಸರುಗಾಲಲ್ಲೇ ಅಜ್ಜಿಯನ್ನು ಎತ್ತಿದರು. ಬದುವಿನ ಮೇಲೆ ಸಾಗುವಾಗ ಎದುರಿಗೆ ತಡವಾಗಿ ಬಂದ ನೆಂಟರ ಹೆಂಗಸೊಬ್ಬಳು ಬಟ್ಟಲು ತುಂಬ ಅನ್ನ ಹಿಡಿದು ಅಳುತ್ತ ನಿಂತಿದ್ದಳು. ಮೀನಿಗಂತೆ. ದೊಡ್ಡ ಮಗಳು ಸಾಲು ಬಿಟ್ಟು ಹೋಗಿ ಆ ಬಟ್ಟಲನ್ನು ಕಸಿದುಕೊಂಡಳು.

"ಬೆಳಿಗ್ಗೆ ನಾನೂ ಹೀಗೇ ಹಾಕಿದ್ದೆ ಕಣೆ. ಇನ್ನು ಮೇಲೆ ಏನಿದ್ರೂ ಇವಳನ್ನ ಕೇಳಿ ಹಾಕಬೇಕು," ಎಂದು ಅದನ್ನು ಸೊಸೆಯ ಕೈಗಿತ್ತಳು.

ಸೊಸೆ ಬಟ್ಟಲನ್ನು ಎದೆಗವಚಿಕೊಂಡು, ಒಂದು ಅಗುಳೂ ಚೆಲ್ಲದಂತೆ ಅತ್ತೆಯ ಹಿಂದೆ ನಡೆದಳು. ಬದುವಿನ ಪಕ್ಕದ ನೀರಿನಲ್ಲಿ ಸಣ್ಣ ಅಲೆಯೊಂದು ಅವಳ ಹೆಜ್ಜೆಗೆ ಸರಿಯಾಗಿ ಗದ್ದೆಯ ಕೊನೆಯವರೆಗೂ ಬಂತು.