ಸ್ಕ್ಯಾನಿಂಗ್ ಕೌಂಟರಿನ ದೊಡ್ಡ ಇಂಗ್ಲಿಷ್

ಸಂಜೆಯ ಇಂಗ್ಲಿಷ್ ಕ್ಲಾಸಿನಲ್ಲಿ ಅವಳಿಗೆ ಬಿದ್ದ ಹೆಸರು ಡಿಕ್ಷನರಿ. ಹಗಲೆಲ್ಲ ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ತೂಗಿ, ಆಮೇಲೆ ಬಸ್ಸಿನಲ್ಲಿ ಅದೇ ಕ್ಲಾಸಿನ ಗೆಳತಿಯ ಪಕ್ಕ ಕೂತು ನಾಲಗೆ ಹೊರಳದ ಪದಗಳನ್ನು ಉರು ಹೊಡೆಯುತ್ತಿದ್ದಳು. ದೊಡ್ಡ ಪದ ಕಲಿತರೆ ದೊಡ್ಡ ಕೆಲಸ ಎಂದು ಮೇಷ್ಟ್ರು ಹೇಳಿದ್ದೇ ಹೇಳಿದ್ದು. ಗೆಳತಿಯ ಪಾಲಿಗೆ ಅದು ನಿಜವೂ ಆಯಿತು. ಆಸ್ಪತ್ರೆಯ ಸ್ಕ್ಯಾನಿಂಗ್ ಕೌಂಟರಿನಲ್ಲಿ ಕೋಟು ಹಾಕಿಕೊಂಡು ಕೂರುವ ಕೆಲಸ ಸಿಕ್ಕಿತು.

ಇವತ್ತು ಡಿಕ್ಷನರಿ ಅದೇ ಕೌಂಟರಿನ ಮುಂದೆ ನಿಂತಿದ್ದಳು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದಳು, ವಾಂತಿಯೂ ಆಗಿತ್ತು. ತಡಮಾಡದೆ ಸ್ಕ್ಯಾನ್ ಮಾಡಿಸಿ ಎಂದು ಡಾಕ್ಟರು ಕಳಿಸಿ ಬಹಳ ಹೊತ್ತಾಗಿತ್ತು. ಬೆಂಚಿನ ತುಂಬ ಜನ. ಅಮ್ಮನ ಕಣ್ಣು ಬೇರೆ ಮುಚ್ಚಿಕೊಂಡು ಬರುತ್ತಿತ್ತು.

ಗೆಳತಿ ತಲೆಯೆತ್ತದೆ ಹೇಳಿದಳು, "ಅನ್‌ಫೋರ್‌ಸೀನ್ ಆಪರೇಷನಲ್ ಕನ್‌ಸ್ಟ್ರೇಂಟ್ಸ್ ಇದೆ ಮೇಡಂ. ಕೈಂಡ್ಲಿ ಬೇರ್ ವಿತ್ ಅಸ್."

ಮೇಡಮ್ಮಂತೆ! ಅನಿರೀಕ್ಷಿತ ಅಡಚಣೆಯಂತೆ, ಸಹಿಸಿಕೊಳ್ಳಬೇಕಂತೆ! ಡಿಕ್ಷನರಿಗೆ ಮೈಯೆಲ್ಲ ಉರಿದುಹೋಯಿತು. ಆ ಪದಗಳನ್ನು ಇವಳಿಗೆ ಬಾಯಿಪಾಠ ಮಾಡಿಸಿದವಳೇ ತಾನು. ಮೇಲೆ ಥಳಕು, ಒಳಗೆ ಹುಳುಕು. ಬೆಂಚಿನ ಮೇಲಿದ್ದವರು ಮಾತ್ರ ಏನೋ ದೊಡ್ಡ ವಿಷಯವೇ ಇರಬೇಕೆಂದು ತಲೆಯಾಡಿಸಿ ಸುಮ್ಮನೆ ಕೂತಿದ್ದರು.

"ನನ್ನ ಹತ್ರನೇ ಪಾಠ ಒಪ್ಪಿಸ್ತೀಯೇನೇ? ಅಮ್ಮ ನನ್ನ ಕೈ ಬಿಟ್ಟು ಹೋಗ್ತಾಳೆ ಕಣೇ. ನೆಟ್ಟಗೆ ಹೇಳು, ಏನಾಗಿದೆ?"

ಗೆಳತಿ ಆಚೆ ನಿಂತಿದ್ದ ಮ್ಯಾನೇಜರನತ್ತ ಕಣ್ಣು ಹಾಯಿಸಿ ದನಿ ತಗ್ಗಿಸಿದಳು. "ಮಿಷಿನ್ ಕೆಟ್ಟಿದೆ. ಇವತ್ತು ರಿಪೇರಿ ಆಗಲ್ಲ. ಬೇರೆ ಆಸ್ಪತ್ರೆಗೆ ಕರ್ಕೊಂಡು ಹೋಗು. ನಾನು ಹೇಳ್ದೆ ಅಂತ ಮಾತ್ರ ಅನ್ಬೇಡ, ನನ್ನ ಅನ್ನಕ್ಕೆ ಕಲ್ಲು ಬೀಳತ್ತೆ."

ಗಿರಾಕಿ ಕೈತಪ್ಪಬಾರದೆಂದು ರೋಗಿಗಳ ಕಣ್ಣಿಗೆ ಮಣ್ಣೆರಚಿ ಕೂರಿಸಿದ್ದಾರೆ! ಇದಕ್ಕೇನಾ ಇಷ್ಟು ದಿನ ತಲೆ ಕೆಡಿಸಿಕೊಂಡು ಪದ ಗುಡ್ಡೆ ಹಾಕಿದ್ದು? ಅಮ್ಮನ ತೋಳು ಹಿಡಿದು ಬಾಗಿಲವರೆಗೆ ನಡೆಸಿಕೊಂಡು ಬಂದವಳಿಗೆ ಮುಂದೆ ಕಾಲು ಬರಲಿಲ್ಲ. ಬೆಂಚಿನ ತುದಿಯಲ್ಲಿ ಒಬ್ಬಾತ ತನ್ನ ಹೆಂಡತಿಯ ತಲೆಯನ್ನು ಹೆಗಲಿಗೆ ಆನಿಸಿಕೊಂಡು ಇನ್ನೂ ಕಾಯುತ್ತಿದ್ದ.

"ಏಳಿ, ಕಾಯ್ಬೇಡಿ! ಮಿಷಿನ್ ಕೆಟ್ಟಿದೆ. ಬೇರೆ ಕಡೆ ಹೋಗಿ!" ಎಂದು ಡಿಕ್ಷನರಿ ಕೂಗಿದಳು.

ಜನ ದಡಬಡಿಸಿ ಎದ್ದರು. ಮ್ಯಾನೇಜರ್ ಟೈ ಹಿಡಿದುಕೊಂಡು ಓಡಿಬಂದ. "ಯಾರ್ರೀ ನಿಮಗೆ ಹೇಳಿದ್ದು?"

ಕೌಂಟರಿನಲ್ಲಿ ಗೆಳತಿಯ ಮುಖ ಬಿಳಿಚಿಕೊಂಡಿತ್ತು.

"ಬೆಳಿಗ್ಗೆಯಿಂದ ನೀವೇ ಹೇಳಿಸ್ತಾ ಇದ್ದೀರಲ್ಲ, ಇಂಗ್ಲಿಷಲ್ಲಿ," ಎಂದಳು ಡಿಕ್ಷನರಿ. "ನನಗೆ ಅರ್ಥ ಆಯ್ತು, ಅಷ್ಟೇ."