ಮೋರಿ ಸರಿಸಿದ ಇಂಜಿನಿಯರು

ಅವರ ಜೊತೆ ರಸ್ತೆಯಲ್ಲಿ ನಡೆಯುವುದೆಂದರೆ ಸಾಕುಸಾಕಾಗುತ್ತಿತ್ತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ನೆಲವನ್ನೇ ದಿಟ್ಟಿಸುತ್ತ ಬರುವರು. ಗಹನವಾದ ಚರ್ಚೆಯ ನಟ್ಟನಡುವೆ, ಮೋಡದ ಸುಳಿವೇ ಇಲ್ಲದ ಬಿರುಬಿಸಿಲಿನಲ್ಲಿ ಥಟ್ಟನೆ ನಿಂತು, ಇಲ್ಲಿ ಬಿದ್ದ ಮಳೆ ಯಾವ ಕಡೆಗೆ ಹರಿದೀತು ಎಂಬ ಧ್ಯಾನದಲ್ಲಿ ಮುಳುಗಿಬಿಡುವರು. ಸೈಕಲ್ಲಿನವರು ಬೈದರೂ ಕದಲುತ್ತಿರಲಿಲ್ಲ. ಬಾಯಿ ತೆರೆದರೆ 'ಹಾಗಲ್ಲ ನೋಡಿ' ಎಂಬ ಪೀಠಿಕೆ. ಆಮೇಲೆ ನಾನು ಹೇಳಿದ್ದನ್ನೇ ಹೇಳುವರು. ನಗರಸಭೆಯ ಕಚೇರಿಯಲ್ಲಿ ಅವರ ಪಕ್ಕದ ಮೇಜಿನಲ್ಲಿ ಕೂತು ಇದನ್ನೆಲ್ಲ ಹಲ್ಲು ಕಚ್ಚಿಕೊಂಡು ಸಹಿಸಿದ ಪುಣ್ಯಾತ್ಮ ನಾನು.

ಮೊಣಕೈ ಸವೆದ ಅವರ ಕಂದು ಕೋಟು ಅಕ್ಕ ಹೊಲಿದದ್ದು. ತಾಯಿಯಿಲ್ಲದ ತಮ್ಮನನ್ನು ಹೊಲಿಗೆಯಂತ್ರ ತುಳಿದು ಓದಿಸಿದ ಅಕ್ಕ. ಹೊಸದೊಂದು ಕೊಳ್ಳಬಾರದೇ ಎಂದವರ ಮೇಲೆ ಇವರು ಸಿಡಿದುಬೀಳುತ್ತಿದ್ದರು.

ಆ ಅಕ್ಕನ ಮನೆ ತಗ್ಗಿನ ಬೀದಿಯಲ್ಲಿತ್ತು. ಅಲ್ಲಿಯ ಹಳೆಯ ಮಳೆಮೋರಿ ಕುಸಿದು, ಪ್ರತಿ ಮಳೆಗೂ ಮನೆಗಳಿಗೆ ನೀರು ನುಗ್ಗುತ್ತಿತ್ತು. ಮೋರಿಯನ್ನು ಬೀದಿಯ ಇನ್ನೊಂದು ಅಂಚಿಗೆ ಸರಿಸುವ ಕೆಲಸ ಇವರ ಪಾಲಿಗೆ ಬಂತು. ಇವರೇ ಎಳೆದ ಗೆರೆಯಲ್ಲಿ ಆ ಸಾಲಿನ ಮನೆಗಳೆಲ್ಲ ಮುಂಗೋಣೆ ಕಳೆದುಕೊಳ್ಳಬೇಕಿತ್ತು. ಅಕ್ಕ ಹೊಲಿಯಲು ಕೂರುತ್ತಿದ್ದ ಕೋಣೆಯೂ ಅದರಲ್ಲಿತ್ತು. ಗೆರೆ ಬಾಗಿಸಿದರೆ ನೀರು ಒಪ್ಪುತ್ತಿರಲಿಲ್ಲ, ಅದು ನನಗೂ ಗೊತ್ತು. ನನ್ನ ತಕರಾರು ಬೇರೆ. ಇವರು ಒಂದೊಂದೇ ಮನೆಗೆ ತಾವೇ ಹೋದರು, ಕೂತರು, ನಕ್ಷೆ ಬಿಡಿಸಿಟ್ಟರು, ಬೈಗುಳ ತಿಂದರು, ಸಮಾಧಾನ ಹೇಳಿ ಎದ್ದರು. ಅಕ್ಕನಿಗೆ ಮಾತ್ರ ಜವಾನನ ಕೈಯಲ್ಲಿ ನೋಟಿಸು ಕಳಿಸಿದರು.

ಅವರು ನಿಮ್ಮ ಅಕ್ಕ ಕಣ್ರೀ ಎಂದು ನಾನು ರೇಗಿದೆ.

"ಹಾಗಲ್ಲ ನೋಡಿ, ಅಕ್ಕ ಅಂತಾನೇ ಹೋಗ್ಬಾರ್ದು. ಒಳಗೊಳಗೇ ಏನೋ ಮಾಡ್ಕೊಂಡ್ರು ಅಂತಾರೆ. ಕೆಲಸ ಮುಗೀಲಿ, ಆಮೇಲೆ ಹೋಗಿ ಕಾಲು ಹಿಡ್ಕೊಳ್ತೀನಿ."

ಕೆಲಸ ಮುಗಿಯಿತು. ಮೊದಲ ಜೋರುಮಳೆಗೆ ಬೀದಿಯ ಜನ ಬಾಗಿಲುಗಳಲ್ಲಿ ನಿಂತು, ಹೇಳಿದ ಮಾತು ಕೇಳುವ ಮಗುವಿನಂತೆ ನೀರು ಮೋರಿಗೆ ಇಳಿಯುವುದನ್ನು ನೋಡಿದರು. ಇವರು ತೊಯ್ದು ತೊಪ್ಪೆಯಾಗಿ ನಗುತ್ತಿದ್ದರು. ನನ್ನನ್ನೂ ಎಳೆದುಕೊಂಡು, ಮುಂಗೋಣೆ ಹೋದಮೇಲೆ ಉಳಿದ ಮನೆ ಸಾಲದೆ ಅಕ್ಕ ಬಾಡಿಗೆಗೆ ಹಿಡಿದಿದ್ದ ಮಹಡಿಯ ಕೋಣೆಗೆ ಓಡಿದರು. ಇಕ್ಕಟ್ಟಾದ ಕೋಣೆ, ಯಂತ್ರ ಇಟ್ಟಮೇಲೆ ಮಂಚಕ್ಕೂ ಗೋಡೆಗೂ ನಡುವೆ ಅಡ್ಡಡ್ಡ ನಡೆಯಬೇಕಿತ್ತು. ಅಕ್ಕ ಇಬ್ಬರಿಗೂ ಟವೆಲು ಕೊಟ್ಟರು. ಗುರುತಿನವರೆಲ್ಲ ಕ್ಷೇಮವೇ ಎಂದು ಕೇಳಿದರು. ಇವರು ಕಾಲಿಗೆ ಬಗ್ಗಿದಾಗ ಹಿಂದೆ ಸರಿದರು.

"ಕೋಣೆ ಹೋಗಿದ್ದಕ್ಕೆ ನಂಗೇನೂ ಬೇಜಾರಿಲ್ಲ ಕಣೋ. ಈ ಪಕ್ಕದ ಮನೆಗೆ ಬಂದೆ, ಆ ಪಕ್ಕದ ಮನೆಗೆ ಬಂದೆ. ಇವತ್ತು ನಮ್ಮನೆಗೆ ಬರ್ತಾನೆ ಅಂತ ದಿನಾ ಲೋಟ ತೊಳೆದಿಟ್ಕೊಂಡು ಕಾಯ್ತಿದ್ದೆ."

ನನಗೆ ಅಲ್ಲಿಂದ ಎದ್ದುಹೋದರೆ ಸಾಕಾಗಿತ್ತು.

ಆಮೇಲೆ ವಾರವಾರವೂ ಹೋದರು. ಅಕ್ಕ ಆದರಿಸಿದರು, ಊಟಕ್ಕೆ ಬಡಿಸಿದರು. ದೂರದ ನೆಂಟರನ್ನು ಆದರಿಸುವ ಹಾಗೆ.

ಈ ಬಗೆಯ ಪ್ರಾಮಾಣಿಕರಿಂದ ಲೋಕಕ್ಕೆ ಒಳಿತೇ ಆಗುತ್ತದೆ. ಪಕ್ಷಪಾತದ ಕಳಂಕಕ್ಕೆ ಹೆದರಿ ಅವರು ಪರರಿಗೆಲ್ಲ ಸಲ್ಲಿಸುವ ಸೌಜನ್ಯವನ್ನು ತಮ್ಮವರಿಗೆ ಮಾತ್ರ ನಿರಾಕರಿಸುತ್ತಾರೆ. ತಮ್ಮವರು ಹೇಗೂ ಅರ್ಥಮಾಡಿಕೊಳ್ಳುತ್ತಾರೆ ಎಂಬುದು ಅವರ ನಂಬಿಕೆ. ಅರ್ಥಮಾಡಿಕೊಳ್ಳುತ್ತಾರೆ, ನಿಜ. ಅರ್ಥವಾದ ಮಾತ್ರಕ್ಕೆ ನೋವು ಹೋಗುವುದಿಲ್ಲ.